ತೊಳೆದ ಮೇಲೆ ಚಿಟಪಟ ಹೆಚ್ಚಾಯಿತೇಕೆ? ಎಲ್‌ಪಿ ತೊಳೆಯಲು ಯಾವ ಯಂತ್ರ ಕೊಳ್ಳಬೇಕು?

ಪ್ರಶ್ನೆ: ತಂದೆಯವರು ಕೂಡಿಟ್ಟ ಸುಮಾರು 250 ಎಲ್‌ಪಿ (ದೊಡ್ಡ ಗ್ರಾಮಫೋನ್ ಪ್ಲೇಟು), 80 ಇಪಿ (ಚಿಕ್ಕ ಪ್ಲೇಟು) ಮತ್ತು ಒಂದು ಪೆಟ್ಟಿಗೆ 78 ಆರ್‌ಪಿಎಂ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟುಗಳು ಧಾರವಾಡದ ಮನೆಯ ಅಟ್ಟದಲ್ಲಿದ್ದವು. ಹೆಚ್ಚಿನವು ಹಿಂದೂಸ್ತಾನಿ ಗಾಯನ, ಉಳಿದವು ಕನ್ನಡ ಚಿತ್ರಗೀತೆ. ಕೆಲವಕ್ಕೆ ಬೂಷ್ಟು ಹಿಡಿದಿದೆ. ಎರಡು ಬ್ರಷ್‌ಗಳ ನಡುವೆ ಪ್ಲೇಟನ್ನು ಕೈಯಿಂದ ತಿರುಗಿಸಿ ತೊಳೆಯುವ ತೊಟ್ಟಿಯೊಂದನ್ನು ತರಿಸಿದೆ. ಮನೆಯ ಆರ್‌ಒ ನೀರು ತುಂಬಿ 20 ಎಲ್‌ಪಿ ತೊಳೆದು, ಪಾತ್ರೆಯ ಸ್ಟ್ಯಾಂಡಿನಲ್ಲಿ ಒಣಗಿಸಿದೆ. ನೋಡಲು ಹೊಸದರಂತಿವೆ. ಆದರೆ ಕೆಲವದರಲ್ಲಿ ಚಿಟಪಟ ಸದ್ದು ಮೊದಲಿಗಿಂತ ಹೆಚ್ಚಾಗಿದೆ. ನೀರು ಹೀರುವ ವ್ಯಾಕ್ಯೂಮ್ ಯಂತ್ರ ಕೊಳ್ಳಲೇ, ನೀರನ್ನು ಕಂಪಿಸಿ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರ ಕೊಳ್ಳಲೇ? ಪೆಟ್ಟಿಗೆಯಲ್ಲಿ ಕೈಬರಹದ ಲೇಬಲ್ ಇರುವ, ಅಂಚಿನಲ್ಲಿ ಲೋಹದ ತಗಡು ಕಾಣುವ ಎರಡು ಪ್ಲೇಟುಗಳೂ ಇವೆ. ಅವನ್ನೂ ತೊಳೆಯಬಹುದೇ?

ಉತ್ತರ: ನೀರು ಹೀರುವ ಯಂತ್ರವನ್ನೇ ಕೊಳ್ಳಿ. ಈಗಿರುವ ತೊಟ್ಟಿಯನ್ನು ಮಾರಬೇಡಿ, ಅದಕ್ಕೆ ಬೇರೆ ಕೆಲಸವಿದೆ. ಅಲ್ಟ್ರಾಸಾನಿಕ್ ಸದ್ಯಕ್ಕೆ ಬೇಡ. ಹೀಗೆ ಹೇಳಲು ಕಾರಣ ನಿಮ್ಮ ಆ 20 ಎಲ್‌ಪಿಗಳಲ್ಲೇ ಇದೆ. ತೊಟ್ಟಿಯ ಬ್ರಷ್ಷು ತನ್ನ ಕೆಲಸ ಮಾಡಿದೆ, ಕೊಳೆಯನ್ನು ಬಿಡಿಸಿದೆ. ಬಿಟ್ಟ ಕೊಳೆ ಹೊರಗೆ ಹೋಗಲಿಲ್ಲ. ನೀರು ಆರಿದಾಗ ಅಲ್ಲೇ ಕೂತುಬಿಟ್ಟಿತು. ಪ್ಲೇಟು ತೊಳೆಯುವುದರಲ್ಲಿ ಉಜ್ಜುವುದು ಅರ್ಧ ಕೆಲಸ. ಕೊಳೆನೀರು ಆರುವ ಮೊದಲೇ ಅದನ್ನು ಹಾಡು ಕೊರೆದ ಗೆರೆಯಿಂದ ಎತ್ತಿ ಹೊರಹಾಕುವುದು ಉಳಿದರ್ಧ. ಯಂತ್ರಕ್ಕೆ ನಾವು ಹಣ ಕೊಡುವುದು ಈ ಉಳಿದರ್ಧಕ್ಕಾಗಿ.

ಎಲ್‌ಪಿಯ 20 ನಿಮಿಷ ಓಡುವ ಒಂದು ಬದಿಯಲ್ಲಿ 400 ಮೀಟರಿಗೂ ಉದ್ದವಾದ ಒಂದೇ ಗೆರೆ ಸುರುಳಿ ಸುತ್ತಿಕೊಂಡಿರುತ್ತದೆ. ಅದರ ಅಗಲ ಸುಮಾರು 50 ಮೈಕ್ರಾನ್, ಆಳ ಅದರ ಅರ್ಧದಷ್ಟು. ಗೆರೆಯ ಎರಡು ಗೋಡೆಗಳು ಇಳಿಜಾರಾಗಿ ಬಂದು ತಳದಲ್ಲಿ ಕೂಡುತ್ತವೆ. ಪ್ಲೇಯರಿನ ಮುಳ್ಳು ತಳವನ್ನು ಮುಟ್ಟುವುದಿಲ್ಲ, ಎರಡು ಗೋಡೆಗಳಿಗೆ ಒರಗಿ ಓಡುತ್ತದೆ. ವರ್ಷಗಟ್ಟಲೆ ಕೂತ ದೂಳು ತಳದಲ್ಲಿ ಗಟ್ಟಿಯಾಗಿದ್ದಾಗ ಮುಳ್ಳಿಗೆ ಅದು ಅಷ್ಟಾಗಿ ತಾಗುತ್ತಿರಲಿಲ್ಲ. ಬ್ರಷ್ಷು ಅದನ್ನು ಕದಡಿತು. ನೀರು ಆರುತ್ತಾ ಬಂದಂತೆ ಕದಡಿದ ಕಣಗಳು ಗೋಡೆಗಳ ಮೇಲೆ, ಅಂದರೆ ಮುಳ್ಳು ಓಡುವ ದಾರಿಯಲ್ಲೇ ಅಂಟಿಕೊಂಡವು. ತೊಳೆದ ಮೇಲೆ ಸದ್ದು ಹೆಚ್ಚಾಗುವುದು ಹೀಗೆ. ಒಂದು ತೊಟ್ಟಿ ನೀರಿನಲ್ಲಿ 20 ಪ್ಲೇಟು ತೊಳೆದಿದ್ದರೆ, ಹತ್ತನೆಯದರಿಂದ ಮುಂದಿನವುಗಳಿಗೆ ಹಿಂದಿನವುಗಳ ಕೊಳೆಯೂ ಪಾಲಾಗಿ ಬಂದಿದೆ.

ಆರ್‌ಒ ನೀರಿನದೂ ಒಂದು ಪಾಲಿದೆ. ಕುಡಿಯಲು ಅದು ಚೆನ್ನ, ಗೆರೆಗೆ ಸಾಲದು. ಮನೆಯ ಆರ್‌ಒ ನೀರಿನ ಟಿಡಿಎಸ್ 60 ಎಂದಿಟ್ಟುಕೊಳ್ಳಿ, ಅಂದರೆ ಲೀಟರಿಗೆ 60 ಮಿಲಿಗ್ರಾಂ ಲವಣ. ತೊಟ್ಟಿಯಿಂದ ಎತ್ತಿದ ಪ್ಲೇಟಿನ ಎರಡೂ ಬದಿಗೆ 5 ಮಿ.ಲೀ. ನೀರು ಅಂಟಿದ್ದರೆ, ಆರಿದ ಮೇಲೆ 0.3 ಮಿಲಿಗ್ರಾಂ ಲವಣ ಗೆರೆಯಲ್ಲೇ ಉಳಿಯುತ್ತದೆ. ಟಿಡಿಎಸ್ 1000 ಇರುವ ಸವುಳು ಬೋರ್‌ವೆಲ್ ನೀರಾದರೆ 5 ಮಿಲಿಗ್ರಾಂ. ಕಣ್ಣಿಗೆ ಕಾಣದಷ್ಟು ಕಡಿಮೆ, ಆದರೆ ಮುಳ್ಳಿನ ತುದಿಗೆ ಪ್ರತಿ ಹರಳೂ ಒಂದು ಕಲ್ಲು. ಡಿಸ್ಟಿಲ್ಡ್ ಅಥವಾ ಡಿಮಿನರಲೈಸ್ಡ್ ನೀರನ್ನೇ ಬಳಸಿ. ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರು 5 ಲೀಟರ್ ಕ್ಯಾನಿನಲ್ಲಿ ಸಿಗುತ್ತದೆ. ಒಂದು ಟಿಡಿಎಸ್ ಮೀಟರ್ ಕೊಂಡು ಪ್ರತಿ ಹೊಸ ಕ್ಯಾನನ್ನು ಪರೀಕ್ಷಿಸಿ. 0ಯಿಂದ 3ರೊಳಗೆ ತೋರಿಸಿದರೆ ಸರಿ, 10 ದಾಟಿದರೆ ಆ ಕ್ಯಾನು ಬ್ಯಾಟರಿಗೇ ಇರಲಿ.

ನೀರು ಹೀರುವ ಯಂತ್ರದ ಕಲ್ಪನೆ ಹಳೆಯದು. ಬ್ರಿಟನ್ನಿನ ಕೀತ್ ಮಾಂಕ್ಸ್ ಅವರ ಯಂತ್ರಗಳು 1960ರ ದಶಕದ ಕೊನೆಯಲ್ಲೇ ಬಿಬಿಸಿಯಲ್ಲಿ ಕೆಲಸಕ್ಕೆ ನಿಂತವು. ಅದರಲ್ಲಿ ಸಣ್ಣ ಮೂತಿಯೊಂದು ಪ್ಲೇಟಿನ ಮೇಲೆ ಲೇಬಲ್ಲಿನ ಕಡೆಯಿಂದ ಅಂಚಿನ ಕಡೆಗೆ ನಿಧಾನವಾಗಿ ಸಾಗುತ್ತದೆ. ಮೂತಿ ಪ್ಲೇಟನ್ನು ನೇರವಾಗಿ ಮುಟ್ಟದಂತೆ ನಡುವೆ ಒಂದು ದಾರ ಇರುತ್ತದೆ. ಬಳಸಿದ ದಾರ ಹೀರಿಕೊಂಡು ಹೋಗಿ ಹೊಸ ದಾರ ಬರುತ್ತದೆ. ಒಂದು ಪ್ಲೇಟಿನ ಕೊಳೆ ಇನ್ನೊಂದಕ್ಕೆ ದಾಟಬಾರದೆಂಬ ಕಾಳಜಿ ಆ ದಾರದಲ್ಲಿದೆ. ಇಂಥ ಯಂತ್ರಗಳು ಇಂದಿಗೂ ಅತ್ಯುತ್ತಮ, ಆದರೆ ಬೆಲೆ ಗ್ರಂಥಾಲಯಗಳಿಗೇ ಸರಿ. ಮನೆಗಳಲ್ಲಿ ಕಾಣುವುದು ಓಕಿ ನೋಕಿ, ಪ್ರೋ-ಜೆಕ್ಟ್, ವಿಪಿಐ ಮೊದಲಾದವರ ಯಂತ್ರ: ತಿರುಗುವ ತಟ್ಟೆ, ಅಂಚಿನಿಂದ ಲೇಬಲ್ಲಿನವರೆಗೆ ಚಾಚಿದ ಕೊಳವೆ, ಕೊಳವೆಯಲ್ಲೊಂದು ಸೀಳು, ಸೀಳಿನ ಎರಡೂ ಕಡೆ ಮಖಮಲ್ಲಿನ ಪಟ್ಟಿ, ಕೆಳಗೆ ವ್ಯಾಕ್ಯೂಮ್ ಮೋಟರು ಮತ್ತು ಕೊಳೆನೀರಿನ ಡಬ್ಬಿ. ಕೊಳ್ಳುವಾಗ ಎರಡು ಸಂಗತಿ ನೋಡಿ. ಲೇಬಲ್ಲನ್ನು ಪೂರ್ತಿ ಮುಚ್ಚಿ ಬಿಗಿಯುವ ಕ್ಲ್ಯಾಂಪ್ ಇರಬೇಕು. ತಟ್ಟೆ ಎರಡೂ ದಿಕ್ಕಿಗೆ ತಿರುಗಬೇಕು. ಅಮೆರಿಕದಿಂದ ನೆಂಟರ ಕೈಯಲ್ಲಿ ತರಿಸುವ ಯೋಚನೆಯಿದ್ದರೆ ವೋಲ್ಟೇಜ್ ಮರೆಯಬೇಡಿ. ಅಲ್ಲಿಯದು 120 ವೋಲ್ಟ್. ಹೀರುವ ಮೋಟರು ಚಾಲೂ ಆಗುವಾಗ ಹೆಚ್ಚು ವಿದ್ಯುತ್ ಎಳೆಯುತ್ತದೆ, 1000 ವಿಎ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅದನ್ನು ಇಲ್ಲಿನ ಪ್ಲಗ್ಗಿಗೆ ಹಾಕಬಾರದು.

ದ್ರವವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಬರಿ ನೀರು ಪ್ಲಾಸ್ಟಿಕ್ಕಿನ ಮೇಲೆ ಹನಿಹನಿಯಾಗಿ ನಿಲ್ಲುತ್ತದೆ, ಗೆರೆಗೆ ಇಳಿಯುವುದಿಲ್ಲ. ಅದಕ್ಕೆ ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಅರ್ಧ ಮಿ.ಲೀ. ನಾನ್-ಅಯಾನಿಕ್ ಸರ್ಫ್ಯಾಕ್ಟಂಟ್ (ನೀರು ಹನಿಗಟ್ಟದೆ ಹರಡುವಂತೆ ಮಾಡುವ ಮಾರ್ಜಕ) ಸೇರಿಸಿ, ಡ್ರಾಪರಿನಲ್ಲಿ ಸುಮಾರು ಹತ್ತು ಹನಿ. ಟರ್ಜಿಟಾಲ್ 15-ಎಸ್-9 ಇದಕ್ಕೆ ಹೆಸರುವಾಸಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೂಡ ಪ್ಲೇಟು ತೊಳೆಯಲು ಟರ್ಜಿಟಾಲ್ ಬಗೆಯ ದ್ರಾವಣವನ್ನೇ ಹೇಳಿದೆ. ಅದು ಸಿಗದಿದ್ದರೆ ಫೋಟೊ ಫಿಲ್ಮ್ ತೊಳೆಯುವವರು ಕೊನೆಯಲ್ಲಿ ಬಳಸುವ ವೆಟ್ಟಿಂಗ್ ಏಜೆಂಟ್ ಆದೀತು. ಹತ್ತು ಹನಿ ಕಡಿಮೆಯಾಯಿತೇನೋ ಎಂದು ಇನ್ನೊಂದಿಷ್ಟು ಸುರಿಯಬೇಡಿ. ಹೆಚ್ಚಿದರೆ ನೊರೆ ಬರುತ್ತದೆ, ನೊರೆ ಹೀರುವ ಮೋಟರಿನವರೆಗೂ ಹೋಗುತ್ತದೆ, ಗೆರೆಯಲ್ಲಿ ಜಿಡ್ಡಾಗಿಯೂ ಉಳಿಯುತ್ತದೆ. ಬೆರಳಿನ ಎಣ್ಣೆ, ಅಡುಗೆಮನೆಯ ಹೊಗೆಯ ಜಿಡ್ಡು ಇರುವ ಎಲ್‌ಪಿಗಳಿಗೆ ಮಾತ್ರ ಲೀಟರಿಗೆ 50 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್ ಸೇರಿಸಬಹುದು. ಪಾತ್ರೆ ತೊಳೆಯುವ ಲಿಕ್ವಿಡ್ಡಿನಲ್ಲಿ ಬಣ್ಣ, ಪರಿಮಳ ಇರುತ್ತವೆ, ಗಾಜು ಒರೆಸುವ ದ್ರವದಲ್ಲಿ ಏನೇನೋ ಇರುತ್ತದೆ, ಎರಡೂ ಬೇಡ. ಅಂಟುವಾಳದ ನೊರೆ ರೇಷ್ಮೆಗೆ ಒಳ್ಳೆಯದು, ಗೆರೆಯಲ್ಲಿ ಮಾತ್ರ ಅದರ ನಾರು ಉಳಿದೇ ಉಳಿಯುತ್ತದೆ. ಥಿನ್ನರ್, ಅಸಿಟೋನ್ ಹತ್ತಿರವೂ ಬರಬಾರದು, ಅವು ಪ್ಲಾಸ್ಟಿಕ್ಕನ್ನೇ ಕೆಡಿಸುತ್ತವೆ.

ಇನ್ನು ತೊಳೆಯುವ ಕ್ರಮ. ಒಣ ಪ್ಲೇಟಿನ ಮೇಲಿನ ಸಡಿಲ ದೂಳನ್ನು ಮೊದಲು ಕಾರ್ಬನ್ ಫೈಬರ್ ಬ್ರಷ್ಷಿನಿಂದ ತೆಗೆಯಿರಿ, ಇಲ್ಲದಿದ್ದರೆ ಅದೇ ದೂಳು ದ್ರವ ಬಿದ್ದೊಡನೆ ಕೆಸರಾಗುತ್ತದೆ. ಪ್ಲೇಟನ್ನು ಯಂತ್ರದ ಮೇಲಿಟ್ಟು ಕ್ಲ್ಯಾಂಪ್ ಬಿಗಿಯಿರಿ. ತಟ್ಟೆ ತಿರುಗುತ್ತಿರಲಿ. ಸಿರಿಂಜಿನಲ್ಲಿ 6ರಿಂದ 8 ಮಿ.ಲೀ. ದ್ರವ ತೆಗೆದುಕೊಂಡು, ಲೇಬಲ್ಲಿನಿಂದ ಎರಡು ಬೆರಳು ಆಚೆಗೆ ಬಿಟ್ಟು, ಬ್ರಷ್ಷಿನಿಂದ ಒಳಗೂ ಹೊರಗೂ ಹರಡಿ. ಬ್ರಷ್ಷನ್ನು ಒತ್ತುವುದು ಬೇಡ, ಅದರ ಭಾರವೇ ಸಾಕು. ಒಂದು ದಿಕ್ಕಿಗೆ ಐದಾರು ಸುತ್ತು, ಇನ್ನೊಂದು ದಿಕ್ಕಿಗೆ ಐದಾರು ಸುತ್ತು. ಗೆರೆಯಲ್ಲಿ ಅಂಟಿಕೊಂಡ ಕಣಕ್ಕೆ ಎರಡು ಮಗ್ಗುಲು, ಒಂದೇ ಕಡೆಯಿಂದ ತಳ್ಳಿದರೆ ಅದು ಅಲುಗದೆ ಇರಬಹುದು. ಆಮೇಲೆ ಒಂದೆರಡು ನಿಮಿಷ ನೆನೆಯಲು ಬಿಡಿ. ಇಲ್ಲಿ ಆತುರ ಮಾಡುವವರೇ ಹೆಚ್ಚು. ಆದರೆ ಮಾರ್ಚ್ ಏಪ್ರಿಲ್‌ನ ಒಣ ಹವೆಯಲ್ಲಿ, ಫ್ಯಾನಿನ ಕೆಳಗೆ, ಎರಡು ನಿಮಿಷದಲ್ಲೇ ಅಂಚು ಆರತೊಡಗುತ್ತದೆ. ಆರಲು ಬಿಡಬಾರದು. ಫ್ಯಾನು ಆರಿಸಿ, ಬೇಕೆನಿಸಿದರೆ ಇನ್ನೊಂದೆರಡು ಮಿ.ಲೀ. ಹಾಕಿ.

ಈಗ ಹೀರುವ ಕೊಳವೆಯನ್ನು ಇಳಿಸಿ ಮೋಟರು ಹಾಕಿ. ಎರಡು ಸುತ್ತು ಸಾಕು, ಹೆಚ್ಚೆಂದರೆ ಮೂರು. ನೀರೆಲ್ಲ ಹೋದ ಮೇಲೂ ಒಣ ಮಖಮಲ್ಲು ಒಣ ಪ್ಲಾಸ್ಟಿಕ್ಕಿನ ಮೇಲೆ ಉಜ್ಜುತ್ತಿದ್ದರೆ ಸ್ಟ್ಯಾಟಿಕ್ ವಿದ್ಯುತ್ ಹುಟ್ಟುತ್ತದೆ. ತೊಳೆದ ಪ್ಲೇಟು ಕೋಣೆಯ ದೂಳನ್ನೆಲ್ಲ ಕರೆದುಕೊಳ್ಳುವುದು ಆಗಲೇ. ಕೊಳವೆಯನ್ನು ಕೈಯಿಂದ ಎತ್ತುವ ಯಂತ್ರವಾದರೆ, ಮೋಟರು ಓಡುತ್ತಿರುವಾಗಲೇ ಎತ್ತಿ, ಆಮೇಲೆ ಆರಿಸಿ. ಮೊದಲು ಆರಿಸಿದರೆ ಕೊಳವೆಯೊಳಗಿನ ಕೊಳೆನೀರು ಅಲ್ಲೇ ತೊಟ್ಟಿಕ್ಕಿ ಒಂದು ಗೀಟು ಬೀಳುತ್ತದೆ. ಹಾಡು ಕೇಳುವಾಗ ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಚರ್ ಎನ್ನುವ ಸದ್ದು ಬಂದರೆ ಈ ಗೀಟನ್ನು ಅನುಮಾನಿಸಿ.

ಇದಿಷ್ಟು ಮುಗಿದ ಮೇಲೆ ಅದೇ ಬದಿಗೆ ಬರಿ ಡಿಸ್ಟಿಲ್ಡ್ ನೀರು 6 ಮಿ.ಲೀ. ಹಾಕಿ, ಬೇರೆಯದೇ ಬ್ರಷ್ಷಿನಿಂದ ಹರಡಿ, ಇನ್ನೊಮ್ಮೆ ಎರಡು ಸುತ್ತು ಹೀರಿ. ಈ ಎರಡನೆಯ ಜಾಲಾಡಿಕೆಯನ್ನು ಬಿಡುವವರಿದ್ದಾರೆ. ಆಲಾಪದ ಎಲ್‌ಪಿಗಳಿಗೆ ಬಿಡಬಾರದು. ಚಿತ್ರಗೀತೆಯಲ್ಲಿ ವಾದ್ಯಗಳ ಗದ್ದಲ ಸಣ್ಣ ಚಿಟಪಟವನ್ನು ಮುಚ್ಚಿಬಿಡುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಅಥವಾ ಗಂಗೂಬಾಯಿ ಹಾನಗಲ್ ಅವರ ಗಾಯನದಲ್ಲಿ ಎರಡು ಸ್ವರಗಳ ನಡುವೆ ತಂಬೂರಿಯ ಶ್ರುತಿಯೊಂದೇ ಉಳಿಯುವ ಕ್ಷಣಗಳಿವೆ, ಅಲ್ಲಿ ಒಂದು ಕಣವೂ ಕೇಳುತ್ತದೆ.

ಪ್ಲೇಟು ಮಗುಚಿದಾಗ ತೊಳೆದ ಬದಿ ತಟ್ಟೆಗೆ ತಾಗುತ್ತದೆ, ಆ ತಟ್ಟೆಯ ಮೇಲೆ ಈಗಷ್ಟೇ ಕೊಳೆ ಬದಿ ಕೂತಿತ್ತು. ತಟ್ಟೆ ದೊಡ್ಡದಾಗಿದ್ದರೆ ಎರಡು ಮ್ಯಾಟ್ ಇಟ್ಟುಕೊಳ್ಳಿ, ಕೊಳೆಗೊಂದು, ತೊಳೆದದ್ದಕ್ಕೊಂದು. ಲೇಬಲ್ಲಿನ ಭಾಗವನ್ನಷ್ಟೇ ಹಿಡಿಯುವ ಸಣ್ಣ ತಟ್ಟೆಯ ಯಂತ್ರಗಳಲ್ಲಿ ಈ ತೊಂದರೆ ಇಲ್ಲ. ಆದರೆ ಬ್ರಷ್ಷು ಒತ್ತಿದರೆ ಅಂಚು ಬಾಗುತ್ತದೆ. ಕೊಳವೆಯ ಮಖಮಲ್ಲಿನಲ್ಲಿ ಮರಳಿನ ಕಣ ಸಿಕ್ಕಿಕೊಂಡರೆ ಮುಂದಿನ ಪ್ಲೇಟಿಗೆಲ್ಲ ಗೀರು. ಐದು ಪ್ಲೇಟಿಗೊಮ್ಮೆ ಒದ್ದೆ ಟೂತ್‌ಬ್ರಷ್ಷಿನಿಂದ ಅದನ್ನು ಬಾಚಿ. ನಯ ಹೋಗಿ ಚಪ್ಪಟೆಯಾದಾಗ ಪಟ್ಟಿ ಬದಲಾಯಿಸಿ, ಅದು ಅಂಟಿಸುವ ಪಟ್ಟಿ, ಬಿಡಿಯಾಗಿ ಸಿಗುತ್ತದೆ. ಹತ್ತು ಪ್ಲೇಟಿಗೊಮ್ಮೆ ಮೋಟರಿಗೆ ಕಾಲು ಗಂಟೆ ಬಿಡುವು ಕೊಡಿ, ಡಬ್ಬಿ ಖಾಲಿ ಮಾಡಿ. ಕೊಳೆನೀರನ್ನು ರಾತ್ರಿಯಿಡೀ ಒಳಗೆ ಬಿಟ್ಟರೆ ಅಲ್ಲೂ ಬೂಷ್ಟು ಬರುತ್ತದೆ. ಯಂತ್ರದ ಸದ್ದು ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರಿನಷ್ಟೇ ಜೋರು, ಕಿವಿಗೆ ಇಯರ್‌ಪ್ಲಗ್ ಇಟ್ಟುಕೊಳ್ಳಿ, ರಾತ್ರಿ ಹೊತ್ತು ಬೇಡ. ಒಂದು ಎಲ್‌ಪಿಯ ಎರಡು ಬದಿಗೆ ಎಂಟು ಹತ್ತು ನಿಮಿಷ ಬೇಕು. ಸಂಜೆಗೆ ಹತ್ತರಂತೆ 250 ಎಲ್‌ಪಿಗೆ 25 ಸಂಜೆ. ಒಂದೇ ಭಾನುವಾರ ಐವತ್ತು ಮುಗಿಸಲು ಹೊರಟರೆ ಜಾಲಾಡಿಕೆ ಬಿಟ್ಟುಹೋಗುವುದು ಖಚಿತ.

ನಿಮ್ಮ ತೊಟ್ಟಿಗೆ ಉಳಿಯುವ ಕೆಲಸ ಅತಿ ಕೊಳೆಯಾದ ಪ್ಲೇಟುಗಳ ಮೊದಲ ಸ್ನಾನ. ಡಿಸ್ಟಿಲ್ಡ್ ನೀರು, ಅದೇ ಪ್ರಮಾಣದ ಸರ್ಫ್ಯಾಕ್ಟಂಟ್, ಎರಡೂ ದಿಕ್ಕಿಗೆ ಮೂರು ಮೂರು ಸುತ್ತು, ಎತ್ತಿದೊಡನೆ ಒದ್ದೆಯಾಗಿಯೇ ಯಂತ್ರಕ್ಕೆ. ಎಂಟು ಹತ್ತು ಪ್ಲೇಟಿಗೆ ನೀರು ಚೆಲ್ಲಿ ಹೊಸದು ತುಂಬಿ. ಪಾತ್ರೆ ಸ್ಟ್ಯಾಂಡಿಗೆ ಇನ್ನು ಕೆಲಸವಿಲ್ಲ. ಒಣಗಲೆಂದು ಬಿಸಿಲಿಗಂತೂ ಇಡಲೇಬೇಡಿ, ಕರಿ ಪ್ಲಾಸ್ಟಿಕ್ಕು ನಮ್ಮ ಬಿಸಿಲಿಗೆ ಕೆಲವೇ ನಿಮಿಷದಲ್ಲಿ ಸೊಟ್ಟಗಾಗುತ್ತದೆ.

ಬೂಷ್ಟು ಹಿಡಿದವನ್ನು ಉಳಿದವುಗಳಿಂದ ಈಗಲೇ ಬೇರ್ಪಡಿಸಿ. ಮುಖಕ್ಕೆ ಎನ್‌95 ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಒದ್ದೆ ಮೈಕ್ರೋಫೈಬರ್ ಬಟ್ಟೆಯಿಂದ ಗೆರೆಯ ಸುತ್ತಿನ ದಿಕ್ಕಿನಲ್ಲಿ ಒರೆಸಿ, ಆ ಬಟ್ಟೆಯನ್ನು ಎಸೆದುಬಿಡಿ. ಒಣ ಬ್ರಷ್ಷಿನಿಂದ ಜಾಡಿಸಿದರೆ ಅದರ ಬೀಜಕಣ ಕೋಣೆಯೆಲ್ಲ ಹಾರುತ್ತದೆ. ಇವನ್ನು ಕೊನೆಯ ಸಂಜೆಗೆ ಉಳಿಸಿಕೊಂಡು, ತೊಳೆದಾದ ಮೇಲೆ ಬ್ರಷ್ಷು, ಮಖಮಲ್ಲು ಎರಡನ್ನೂ ಬದಲಾಯಿಸಿ. ಬೂಷ್ಟಿನ ತವರು ಒಳಗಿನ ಕಾಗದದ ಚೀಲ. ತೊಳೆದ ಪ್ಲೇಟನ್ನು ಅದೇ ಚೀಲಕ್ಕೆ ತುಂಬಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಹಾಜರು. ಒಳಪದರ ಪಾಲಿಥೀನ್ ಇರುವ ಹೊಸ ಚೀಲ ಹಾಕಿ, ಹಳೆಯದರ ಮೇಲೆ ತಂದೆಯವರ ಬರಹವಿದ್ದರೆ ಬೇರೆ ಇಡಿ. ಪಿವಿಸಿ ಹೊದಿಕೆಯೊಳಗೆ ಕೂತ ಕೆಲವು ಪ್ಲೇಟುಗಳ ಮೇಲೆ ಮಂಜಿನಂಥ ಪೊರೆ ಕಾಣಬಹುದು. ಹೊದಿಕೆಯಿಂದ ಹೊರಬಿದ್ದ ರಾಸಾಯನಿಕ ಪ್ಲೇಟಿನ ಮೈಗೇ ಹಿಡಿದ ಗುರುತು ಅದು, ಯಾವ ಯಂತ್ರಕ್ಕೂ ಹೋಗುವುದಿಲ್ಲ.

ಅಲ್ಟ್ರಾಸಾನಿಕ್ ವಿಷಯ. ನೀರಿನಲ್ಲಿ ಹುಟ್ಟಿ ಒಡೆಯುವ ಸೂಕ್ಷ್ಮ ಗುಳ್ಳೆಗಳು ಬ್ರಷ್ಷಿನ ಕೂದಲು ಮುಟ್ಟದ ಜಾಗವನ್ನೂ ತಟ್ಟುತ್ತವೆ, ಇದರಲ್ಲಿ ಸಂಶಯವಿಲ್ಲ. ಹಮ್ಮಿಂಗ್‌ಗುರು 40 ಕಿಲೊಹರ್ಟ್ಸ್‌ನಲ್ಲೂ ಎಸ್ಟೋನಿಯಾದ ಡಿಗ್ರಿಟರ್ 120 ಕಿಲೊಹರ್ಟ್ಸ್‌ನಲ್ಲೂ ಕೆಲಸ ಮಾಡುತ್ತವೆ. ಆವರ್ತನ ಹೆಚ್ಚಿದಷ್ಟೂ ಗುಳ್ಳೆ ಸಣ್ಣದು, ಏಟು ಮೃದು. ತೊಂದರೆ ಇರುವುದು ನೀರಿನಲ್ಲಿ. ಬಿಟ್ಟ ಕೊಳೆ ಅದೇ ನೀರಿನಲ್ಲಿ ತೇಲುತ್ತದೆ, ಫ್ಯಾನಿನ ಗಾಳಿಯಿಂದ ಒಣಗಿಸುವ ಯಂತ್ರದಲ್ಲಿ ಅದರ ಒಂದು ಪಾಲು ಪ್ಲೇಟಿನ ಮೇಲೆಯೇ ಆರುತ್ತದೆ. ಅಂದರೆ ನಿಮ್ಮ ತೊಟ್ಟಿಯಲ್ಲಾದ ತೊಂದರೆಯೇ, ಇನ್ನಷ್ಟು ದುಬಾರಿಯಾಗಿ. ಅಟ್ಟದಿಂದ ಇಳಿದ ಪ್ಲೇಟುಗಳಿಗೆ ಇದು ಮೊದಲ ಹೆಜ್ಜೆಯಲ್ಲ. ವ್ಯಾಕ್ಯೂಮಿನಲ್ಲಿ ತೊಳೆದ ಮೇಲೂ ತೃಪ್ತಿಯಾಗದ ಹತ್ತಿಪ್ಪತ್ತು ಎಲ್‌ಪಿಗೆ ಮುಂದೆ ಬೇಕೆನಿಸಬಹುದು. ಒಡವೆ ತೊಳೆಯುವ 6 ಲೀಟರ್ ಅಲ್ಟ್ರಾಸಾನಿಕ್ ತೊಟ್ಟಿಗೆ ತಿರುಗುವ ಸರಳು ಜೋಡಿಸಿಕೊಳ್ಳುವವರೂ ಇದ್ದಾರೆ. ಹಾಗೆ ಮಾಡುವುದಾದರೆ ಪ್ಲೇಟುಗಳ ನಡುವೆ ಒಂದು ಇಂಚು ಜಾಗ ಬಿಡಿ, ನಿಮಿಷಗಳಲ್ಲಿ ಒಂದು ಸುತ್ತು ಬರುವಷ್ಟು ನಿಧಾನವಾಗಿ ತಿರುಗಿಸಿ, ಒಟ್ಟು 10 ನಿಮಿಷ ಸಾಕು. ಕಂಪನದಿಂದಲೇ ನೀರು ಬಿಸಿಯಾಗುತ್ತದೆ, 35 ಡಿಗ್ರಿ ದಾಟಿದರೆ ನಿಲ್ಲಿಸಿ. ಆ ತೊಟ್ಟಿಗೆ ಆಲ್ಕೋಹಾಲ್ ಹಾಕಬೇಡಿ. ತೆರೆದ ಬಿಸಿ ನೀರಿನಿಂದ ಏಳುವ ಅದರ ಆವಿಗೆ ಒಂದು ಕಿಡಿ ಸಾಕು.

ಯಂತ್ರ ಬಂದ ಮೇಲೆ, ಸದ್ದು ಹೆಚ್ಚಾದ ಆ ಎಲ್‌ಪಿಗಳನ್ನೇ ಮೊದಲು ತೊಳೆಯಿರಿ. ಬಹುಪಾಲು ಸರಿಹೋಗುತ್ತವೆ. ಮೊದಲ ಸಲ ಕೇಳುವಾಗ ಒಂದು ಬದಿ ಮುಗಿದೊಡನೆ ಮುಳ್ಳನ್ನು ಹಿಂದಿನಿಂದ ಮುಂದಕ್ಕೆ ಬ್ರಷ್ ಮಾಡಿ, ಉಳಿದ ಕೊಳೆ ಅಲ್ಲಿ ಸೇರಿರುತ್ತದೆ. ಆಮೇಲೂ ಸದ್ದಿದ್ದರೆ ಗಡಿಯಾರ ಹಿಡಿದು ಕೇಳಿ. ಎಲ್‌ಪಿ ಒಂದು ಸುತ್ತಿಗೆ 1.8 ಸೆಕೆಂಡು ತೆಗೆದುಕೊಳ್ಳುತ್ತದೆ, 45ರ ಇಪಿ 1.33 ಸೆಕೆಂಡು. ಅಷ್ಟಷ್ಟೇ ಹೊತ್ತಿಗೆ ಟಕ್ ಎಂದರೆ ಗೀರು, ತೊಳೆದರೆ ಹೋಗದು. ಲೆಕ್ಕವಿಲ್ಲದೆ ಎಲ್ಲೆಂದರಲ್ಲಿ ಬಂದರೆ ಕೊಳೆ ಅಥವಾ ಸ್ಟ್ಯಾಟಿಕ್, ಇನ್ನೊಮ್ಮೆ ತೊಳೆದು ನೋಡಬಹುದು. ತಾರಸ್ಥಾಯಿಗೆ ಏರಿದಾಗ ಮಾತ್ರ ದನಿ ಒಡೆದಂತೆ ಕೇಳಿದರೆ, ಹಿಂದೆ ಸವೆದ ಮುಳ್ಳು ಗೆರೆಯ ಗೋಡೆಯನ್ನೇ ಕೆರೆದಿದೆ ಎಂದರ್ಥ. ಅದಕ್ಕೆ ತೊಳೆಯುವುದು ಮದ್ದಲ್ಲ.

78ರ ಪ್ಲೇಟುಗಳ ಕಥೆ ಬೇರೆ. ಅವು ಅರಗಿನಿಂದ ಮಾಡಿದವು. ಬಡಗಿಗಳು ಪಾಲಿಶ್ ಮಾಡಲು ಅರಗನ್ನು ಕರಗಿಸುವುದು ಸ್ಪಿರಿಟ್ಟಿನಲ್ಲಿ. ಆಲ್ಕೋಹಾಲ್ ಇರುವ ದ್ರವ ಹಾಕಿದರೆ ನಿಮ್ಮ ಪ್ಲೇಟೂ ಹಾಗೆಯೇ ಕರಗುತ್ತದೆ, ಹಾಡು ಬ್ರಷ್ಷಿಗೆ ಅಂಟುತ್ತದೆ. ವರ್ಷ ನೋಡಿ ಇದು ಎಲ್‌ಪಿ ಕಾಲದ್ದು ಎಂದು ಮೋಸಹೋಗಬೇಡಿ. ನಮ್ಮ ದೇಶದಲ್ಲಿ 1960ರ ದಶಕದಲ್ಲೂ 78 ಒತ್ತುತ್ತಿದ್ದರು, ಬೀಟಲ್ಸ್ ಹಾಡುಗಳು ಕೂಡ ಇಲ್ಲಿ 78ರಲ್ಲಿ ಬಂದಿವೆ. 10 ಇಂಚು ಅಗಲ, ಕೈಗೆ ಭಾರ, ಉಗುರಿನಿಂದ ಅಂಚು ತಟ್ಟಿದರೆ ಪಿಂಗಾಣಿಯ ಸದ್ದು: ಇದು ಗುರುತು. ಇವಕ್ಕೆ ಆಲ್ಕೋಹಾಲಿಲ್ಲದ ದ್ರವ, ತಣ್ಣನೆಯದು, ನೆನೆಸುವುದು ಬೇಡ, ಬ್ರಷ್ ಮಾಡಿದೊಡನೆ ಹೀರಿಬಿಡಿ. ಇವುಗಳ ಬ್ರಷ್ಷು ಬೇರೆ, ಮಖಮಲ್ಲಿನ ಕೊಳವೆಯೂ ಬೇರೆ ಇರಲಿ, ಏಕೆಂದರೆ ಅರಗಿನ ಜೊತೆ ಬೆರೆಸಿದ ಕಲ್ಲುಪುಡಿ ಎಲ್‌ಪಿಯನ್ನು ಗೀರಬಲ್ಲದು. ಅಂಚಿನಲ್ಲಿ ಸೀಳು ಬಿಟ್ಟದ್ದಕ್ಕೆ ನೀರು ಬೇಡ. ಲೇಬಲ್ಲುಗಳನ್ನು ತೊಳೆಯುವ ಮೊದಲೇ ಓದಿ, ಫೋಟೊ ತೆಗೆದಿಡಿ. ಗಂಗೂಬಾಯಿ ಹಾನಗಲ್ ಅವರ ಆರಂಭದ ಧ್ವನಿಮುದ್ರಿಕೆಗಳು ‘ಗಾಂಧಾರಿ ಹಾನಗಲ್’ ಎಂಬ ಹೆಸರಿನಲ್ಲಿ ಬಂದವು. ಅಂಥದ್ದೊಂದು ನಿಮ್ಮ ಪೆಟ್ಟಿಗೆಯಲ್ಲಿದ್ದರೆ ಆ ಲೇಬಲ್ಲಿಗೆ ಒಂದು ಹನಿಯೂ ತಾಗಬಾರದು.

ಕೈಬರಹದ ಆ ಎರಡು ಪ್ಲೇಟುಗಳನ್ನು ತೊಳೆಯಬೇಡಿ. ಲೋಹದ ತಗಡಿನ ಮೇಲೆ ಲ್ಯಾಕರ್ ಎಂಬ ಮೆದು ಲೇಪ ಬಳಿದು, ಹಾಡುವಾಗಲೇ ನೇರವಾಗಿ ಕೊರೆದವು ಅವಾಗಿರಬಹುದು. ಹಾಗಿದ್ದರೆ ಇಡೀ ಲೋಕದಲ್ಲಿ ಅದು ಒಂದೇ ಪ್ರತಿ. ಕಾಲ ಕಳೆದಂತೆ ಲ್ಯಾಕರ್ ಕುಗ್ಗುತ್ತದೆ, ತಗಡು ಕುಗ್ಗುವುದಿಲ್ಲ. ಪದರ ಬಿರಿದು ಸಿಪ್ಪೆಯಂತೆ ಏಳುತ್ತದೆ. ಆ ಬಿರುಕಿಗೆ ನೀರು ಇಳಿದರೆ, ಹೀರುವ ಯಂತ್ರ ನೀರಿನ ಜೊತೆ ಪದರವನ್ನೂ ಎಳೆದುಕೊಳ್ಳುತ್ತದೆ. ಮೇಲೆ ಬಿಳಿ ಪುಡಿ ಕಂಡರೆ ಅದು ಬೂಷ್ಟೆಂದು ಒರೆಸಲು ಹೋಗಬೇಡಿ. ಲ್ಯಾಕರನ್ನು ಮೆದುವಾಗಿಡಲು ಬೆರೆಸಿದ ಹರಳೆಣ್ಣೆಯಿಂದ ಹೊರಬಂದ ಮೇಣದಂಥ ಆಮ್ಲ ಅದು. ಅದನ್ನು ತೆಗೆಯುವುದು ಧ್ವನಿಸಂಗ್ರಹಾಲಯದ ಕೈಗಳ ಕೆಲಸ. ಮನೆಯ ಮುಳ್ಳಿನಲ್ಲಿ ಒಮ್ಮೆ ಹಾಕಿ ನೋಡುವ ಆಸೆಯನ್ನೂ ತಡೆದುಕೊಳ್ಳಿ, ಲ್ಯಾಕರ್ ಪ್ಲಾಸ್ಟಿಕ್ಕಿಗಿಂತ ಬಹಳ ಮೆದು. ಧ್ವನಿಸಂಗ್ರಹಾಲಯಕ್ಕೆ ಒಪ್ಪಿಸುವವರೆಗೆ ಅವನ್ನು ಪ್ರತ್ಯೇಕವಾಗಿ, ನೆಟ್ಟಗೆ ನಿಲ್ಲಿಸಿ, ಅಟ್ಟದ ಬದಲು ಮನೆಯ ತಂಪಾದ ಒಳಕೋಣೆಯಲ್ಲಿಡಿ.